ಸ್ಟಿರರ್ ಗುಂಡಿಯೂ ಕುಂಕುಮದ ಬೊಟ್ಟೂ

ಮೊದಲೇ ಹೇಳಿಬಿಡುತ್ತೇನೆ, ನಾನು ವಿಜ್ಞಾನಿಯಲ್ಲ. ತುಮಕೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಬೀಕರ್ ತೊಳೆದವಳು, ಗ್ಯಾಸ್ ಸಿಲಿಂಡರ್ ಬದಲಾಯಿಸಿದವಳು, ಮಕ್ಕಳು ಒಡೆದ ಗಾಜು ಗುಡಿಸಿದವಳು. ಆದರೂ ಕಾರ್ಬನ್ ಡೈಆಕ್ಸೈಡಿಗೆ ಕರೆಂಟು ಕೊಟ್ಟು ಬೇರೆ ಅನಿಲ ಮಾಡುವ ಒಂದು ದೊಡ್ಡ ಸಂಶೋಧನೆಯನ್ನು ಮೂರು ವರ್ಷ ಯಾರಿಗೂ ಗೊತ್ತಾಗದ ಹಾಗೆ ನಡೆಸಿದವಳು ನಾನೇ. ನನಗೂ ಗೊತ್ತಾಗದ ಹಾಗೆ! ಅದನ್ನು ಹೆಚ್ಚುಕಡಿಮೆ ಮಣ್ಣುಪಾಲು ಮಾಡಿದವಳೂ ನಾನೇ. ಈಗ ನೆನೆಸಿಕೊಂಡರೆ ಹೊಟ್ಟೆ ಹಿಡಿದುಕೊಂಡು ನಗುತ್ತೇನೆ. ಆಗ ಮಾತ್ರ ಅತ್ತಿದ್ದೆ.

ನಮ್ಮ ಗುಬ್ಬಿಯ ಹುಡುಗಿಯೊಬ್ಬಳಿಗೆ ಮೊನ್ನೆ ಇದೇ ಕೆಲಸ ಸಿಕ್ಕಿತು. ಮನೆಗೆ ಬಂದು, "ಆಂಟಿ, ಲ್ಯಾಬಲ್ಲಿ ಏನೇನ್ ಮಾಡ್ಬೇಕು ಒಸಿ ಹೇಳ್ಕೊಡಿ" ಅಂದಳು. ಒಂದು ಗಂಟೆ ಮಾತಾಡಿದೆ. ಅವಳು ಹೋದಮೇಲೆ ನೋಡಿದರೆ ಮುಖ್ಯವಾದದ್ದೇ ಹೇಳಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಬಡ್ತಿ, ಇನ್‌ಕ್ರಿಮೆಂಟು ಎಲ್ಲ ಯಾರಾದರೂ ಹೇಳುತ್ತಾರೆ, ನಾನು ಎಡವಟ್ಟುಗಳನ್ನು ಹೇಳುತ್ತೇನೆ.

ಕಾಲೇಜಿಗೆ ಬರುವ ಮೊದಲು ನಾನು ಸತ್ಯಮಂಗಲದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಪ್ಲೇಟಿಂಗ್ ಶೆಡ್ಡಿನಲ್ಲಿದ್ದೆ. ನಲ್ಲಿಗಳು, ಬಾಗಿಲ ಚಿಲಕಗಳು, ಸೈಕಲ್ಲಿನ ಬಿಡಿಭಾಗಗಳು, ಎಲ್ಲಕ್ಕೂ ನಿಕ್ಕಲ್ ಹೊಳಪು ಹಾಕುವ ಕೆಲಸ. ಅಲ್ಲಿನ ಮೇಸ್ತ್ರಿ ಅನ್ವರ್ ಭಾಯ್. ನನಗೆ ಮೊದಲ ದಿನ ಅವರು ಕಲಿಸಿದ್ದು ಒಂದೇ ಪಾಠ. ತೊಟ್ಟಿಯ ಮುಂದೆ ನಿಲ್ಲಿಸಿ, "ನೋಡಮ್ಮ, ನೀರು ನಿಂತ್ರೆ ಮಾಲು ಸುಟ್ಟೋಯ್ತದೆ. ಕರೆಂಟು ಬಂದು ತಟ್ಟೆ ಹಾಕ್ಕೊಂಡು ಕೂತಿರ್ತದೆ, ಬಡಿಸೋಕೆ ನಿಕ್ಕಲ್ ಹತ್ರ ಇರಲ್ಲ. ಅದಕ್ಕೆ ಅಲ್ಲಾಡಿಸ್ತಾನೇ ಇರ್ಬೇಕು. ಜಾಸ್ತಿನೂ ಬೇಡ, ಹದವಾಗಿ" ಅಂದರು. ಹದ ಯಾವುದು ಅಂತ ಕೇಳಿದರೆ, "ಸುಳಿ ನೋಡು, ಅದೇ ಹೇಳ್ತದೆ" ಅನ್ನುತ್ತಿದ್ದರು. ಆರು ವರ್ಷ ಆ ಸುಳಿ ನೋಡಿದೆ. ಆಮೇಲೆ ನಿಂತ ನೀರಿನಲ್ಲಿ ತಂತಿ ಇಳಿಬಿಟ್ಟಿದ್ದು ಎಲ್ಲಿ ಕಂಡರೂ ನನ್ನ ಕೈ ಸುಮ್ಮನಿರುತ್ತಿರಲಿಲ್ಲ.

ಕಾಲೇಜು ಸೇರಿದ ಮೊದಲ ವಾರದಲ್ಲೇ ಒಂದು ಅನಾಹುತ ಮಾಡಿದೆ. ಮ್ಯಾಗ್ನೆಟಿಕ್ ಸ್ಟಿರರ್ ಅಂತ ಒಂದು ಪೆಟ್ಟಿಗೆ ಇರುತ್ತದೆ. ಮೇಲೆ ಬೀಕರ್ ಇಟ್ಟು, ಒಳಗೆ ಬೆರಳಿನ ಗೆಣ್ಣಿನಷ್ಟು ಉದ್ದದ ಬಿಳಿ ಕಡ್ಡಿ ಹಾಕಿ ಗುಂಡಿ ತಿರುಗಿಸಿದರೆ ಕಡ್ಡಿ ತನಗೆ ತಾನೇ ಗಿರಗಿರ ಸುತ್ತುತ್ತದೆ. ಅದನ್ನು ನಾನು ಕಸ ಅಂದುಕೊಂಡು ಒಂದೇ ದಿನ ಏಳು ಕಡ್ಡಿ ಸಿಂಕಿಗೆ ಚೆಲ್ಲಿದ್ದೆ! ಆಗಿನ ಎಚ್ಒಡಿ ಪುಣ್ಯಾತ್ಮರು, ಬೈಯಲಿಲ್ಲ. ಪ್ಲಂಬರನ್ನು ಕರೆಸಿ, ಪೈಪು ಬಿಚ್ಚಿಸಿ, ಏಳನ್ನೂ ನನ್ನ ಕೈಗೆ ಕೊಟ್ಟು, "ಇನ್ಮೇಲೆ ಇವು ನಿನ್ನ ಮಕ್ಳು ಕಣಮ್ಮ" ಅಂದರು. ಅಂದಿನಿಂದ ಸ್ಟಿರರ್‌ಗಳೆಂದರೆ ನನಗೆ ವಿಶೇಷ ಪ್ರೀತಿ.

ಆ ಪ್ರೀತಿಯೇ ಮುಂದಿನ ಕಥೆಗೆಲ್ಲ ಮೂಲ. ಪ್ರತಿ ಆಯುಧ ಪೂಜೆಗೆ ಲ್ಯಾಬಿನ ಎಲ್ಲ ಯಂತ್ರಕ್ಕೂ ಅರಿಸಿನ ಕುಂಕುಮ ಇಡುವುದು ನನ್ನ ಜವಾಬ್ದಾರಿ. ಕಿಟಕಿ ಪಕ್ಕದ ಹಳೇ ಸ್ಟಿರರ್‌ನ ಗುಂಡಿ ಸುತ್ತಲಿದ್ದ ಅಂಕಿಗಳು ಎಂದೋ ಅಳಿಸಿ ಹೋಗಿದ್ದವು. ಒಂದು ಹಬ್ಬದಲ್ಲಿ ಅದರ ಮೇಲೆ ನೀರಿನ ಬೀಕರ್ ಇಟ್ಟು, ಗುಂಡಿ ತಿರುಗಿಸುತ್ತಾ, ಅನ್ವರ್ ಭಾಯ್ ಹೇಳಿದ ಹದಕ್ಕೆ ಸುಳಿ ಬಂದ ಕಡೆ, ಗುಂಡಿಯ ಪಕ್ಕ ಪೆಟ್ಟಿಗೆಯ ಮೇಲೆ, ಕುಂಕುಮದ ಬೊಟ್ಟು ಇಟ್ಟೆ. ಆಮೇಲೆ ವರ್ಷ ವರ್ಷವೂ ಅದೇ ಜಾಗಕ್ಕೆ. ಆ ಸ್ಟಿರರ್ ನಡೆಯುತ್ತಿರುವಾಗ ಪಕ್ಕದಲ್ಲಿ ಹಾದುಹೋದರೆ ನನ್ನ ಕೈ ತಾನಾಗಿ ಗುಂಡಿಯನ್ನು ಬೊಟ್ಟಿನ ಎದುರಿಗೆ ತಂದುಬಿಡುತ್ತಿತ್ತು. ಮನೆಯಲ್ಲಿ ಓರೆಯಾದ ಕ್ಯಾಲೆಂಡರ್ ಸರಿ ಮಾಡುತ್ತೇವಲ್ಲ, ಹಾಗೆ.

ಕಾವ್ಯ ಬಂದಿದ್ದು ನನ್ನ ಸರ್ವೀಸಿನ ಕೊನೆಯ ವರ್ಷಗಳಲ್ಲಿ. ಕುಣಿಗಲ್‌ನವಳು, ತಂದೆ ಅಲ್ಲಿ ಟೈಲರ್. ಅವರ ಮನೆತನದಲ್ಲಿ ಪಿಎಚ್‌ಡಿ ಅನ್ನುವ ಪದ ಮೊದಲ ಸಲ ಕೇಳಿದ್ದು ಇವಳಿಂದ. ಅವಳ ಗೈಡ್ ಸದಾಶಿವಯ್ಯ ಸರ್. ಅವರಿಗೆ ಎಲ್ಲವೂ ನೀಟಾಗಿರಬೇಕು. "ಡೇಟಾ ಅಂದ್ರೆ ಇಸ್ತ್ರಿ ಮಾಡಿದ ಪಂಚೆ ಥರ ಇರ್ಬೇಕು. ಗೆರೆ ನಡುಗಬಾರ್ದು" ಅಂತ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ನಾನು ಸೇರಿದಾಗ ಕರೆಂಟಿನ ಏರಿಳಿತದ ಗೆರೆಯನ್ನು ಪೆನ್ನಿನ ಮುಳ್ಳು ಕಾಗದದ ಸುರುಳಿಯ ಮೇಲೆ ಎಳೆಯುತ್ತಿತ್ತು. ಇವರ ಕಾಲಕ್ಕೆ ಕಂಪ್ಯೂಟರ್ ಬಂತು, ಮುಳ್ಳು ಹೋಯಿತು, ನಡುಕದ ಮೇಲಿನ ಸಿಟ್ಟು ಮಾತ್ರ ಹಾಗೇ ಉಳಿಯಿತು.

ಕಾವ್ಯಳ ಕೆಲಸ ಏನು ಅಂದರೆ, ತಾಮ್ರದ ತಗಡಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿಗಳನ್ನು ಬೆಳೆಸುವುದು. ಆ ತಗಡನ್ನು ಸೋಡಾ ಉಪ್ಪಿನ ನೀರಿನಲ್ಲಿ ಇಳಿಬಿಟ್ಟು, ಸಿಲಿಂಡರಿನಿಂದ ಕಾರ್ಬನ್ ಡೈಆಕ್ಸೈಡ್ ಗುಳುಗುಳು ಬಿಟ್ಟು, ಕರೆಂಟು ಹರಿಸಬೇಕು. ಅದೃಷ್ಟ ನೆಟ್ಟಗಿದ್ದರೆ ಎಥಿಲೀನ್ ಬರುತ್ತದೆ, ಅಂದರೆ ಬಾಳೆಕಾಯಿ ಹಣ್ಣು ಮಾಡುತ್ತದಲ್ಲ ಆ ಅನಿಲ. ಇಲ್ಲದಿದ್ದರೆ ಬರೀ ನೀರು ಒಡೆದು ಹೈಡ್ರೋಜನ್ ಬರುತ್ತದೆ. ಅದನ್ನು ಯಾರು ಬೇಕಾದರೂ ಮಾಡಬಹುದು.

ಎಥಿಲೀನ್ ಅಂದ ತಕ್ಷಣ ನನ್ನ ತಲೆ ಓಡಿತು. ಗುಬ್ಬಿಯಿಂದ ಒಂದು ಚಿಪ್ಪು ಬಾಳೆಕಾಯಿ ತಂದು, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಅವಳ ಗ್ಯಾಸ್ ಹೊರಗೆ ಹೋಗುವ ಕೊಳವೆಗೆ ಕಟ್ಟಿದೆ. ಎಂಟು ದಿನವಾದರೂ ಕಾಯಿ ಹಸಿರು ಹಸಿರಾಗೇ ಇತ್ತು! ಕಾವ್ಯ ಬಿದ್ದು ಬಿದ್ದು ನಕ್ಕಳು. "ಅಯ್ಯೋ, ಅದರಲ್ಲಿ ಎಥಿಲೀನ್ ಇರೋದು ಎಳ್ಳಷ್ಟು. ಮಿಕ್ಕಿದ್ದೆಲ್ಲ ಕಾರ್ಬನ್ ಡೈಆಕ್ಸೈಡು. ಅದು ಕಾಯಿ ಹಣ್ಣಾಗೋಕೇ ಬಿಡಲ್ಲ" ಅಂದಳು. ಆ ಬಾಳೆಕಾಯಿಯ ಪಲ್ಯ ಮಾಡಿ ಮರುದಿನ ಇಬ್ಬರೂ ಊಟ ಮಾಡಿದೆವು. ಅಲ್ಲಿಂದ ಅವಳಿಗೆ ನಾನು ರತ್ನಕ್ಕ ಆದೆ.

ನೀರು ಕುಲುಕಿ ಗೆರೆ ನಡುಗಬಾರದು ಎಂದು ಅವಳು ಕಿಟಕಿ ಪಕ್ಕದ ಆ ಹಳೇ ಸ್ಟಿರರನ್ನು ತೀರ ಸಣ್ಣಗೆ ಇಡುತ್ತಿದ್ದಳು. ಆಮೇಲೆ ಎದುರು ಗೋಡೆಯ ಕಂಪ್ಯೂಟರ್ ಮುಂದೆ ಈ ಕಡೆ ಬೆನ್ನು ಮಾಡಿ ಕೂರುತ್ತಿದ್ದಳು. ಸಿಲಿಂಡರ್ ನೋಡಲು ನಾನು ಬರುತ್ತಿದ್ದೆ, ಗುಂಡಿ ಬೊಟ್ಟಿನ ಎದುರಿಗೆ ಹೋಗುತ್ತಿತ್ತು. ಕರೆಂಟಿನ ಗೆರೆ ಒಂಚೂರು ಏರಿದರೆ, "ಆಹಾ, ಕ್ಯಾಟಲಿಸ್ಟ್ ಎದ್ದಿತು" ಅನ್ನುತ್ತಿದ್ದಳು, ಆ ತಾಮ್ರದ ತಗಡಿಗೆ ಅವಳು ಹೇಳುವ ಹೆಸರು ಅದು. ಮುಗಿದ ಮೇಲೆ ಗುಂಡಿಯನ್ನು ಸೊನ್ನೆಗೆ ತಂದು ಒರೆಸಿಡುವವಳು ನಾನೇ. ಅವಳ ರೆಕಾರ್ಡ್ ಪುಸ್ತಕದಲ್ಲಿ ಪ್ರತಿ ದಿನವೂ ಒಂದೇ ಸಾಲು, 'ಸ್ಟಿರಿಂಗ್: ಎಂದಿನಂತೆ.' ಪಾಪ, ಅವಳು ಬರೆದದ್ದು ಅವಳಿಗೆ ಗೊತ್ತಿದ್ದಷ್ಟು ಸತ್ಯ.

ಮೂರನೇ ವರ್ಷ ನನಗೆ ಕಣ್ಣಿನ ಪೊರೆ ಆಪರೇಷನ್ ಆಯಿತು. ಹದಿನೈದು ದಿನ ರಜೆ. ಆ ಹದಿನೈದು ದಿನವೂ ಕಾವ್ಯಳಿಗೆ ಹೈಡ್ರೋಜನ್ನೇ ಹೈಡ್ರೋಜನ್ನು. ಸಿಲಿಂಡರ್ ಬದಲಾಯಿಸಿದಳು, ನೀರು ಬದಲಾಯಿಸಿದಳು, ಹೊಸ ತಗಡು ಮಾಡಿದಳು. ಊಹೂಂ. ನಾನು ಕಪ್ಪು ಕನ್ನಡಕ ಹಾಕಿಕೊಂಡು ವಾಪಸ್ ಬಂದ ದಿನವೇ ಎಥಿಲೀನ್ ಧುಮ್ಮಿಕ್ಕಿತು. ಕಾವ್ಯ ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

"ಅಕ್ಕಾ, ಇದು ನಿಮ್ ಕೈಗುಣ ಕಣಕ್ಕಾ! ನೀವಿದ್ರೆ ಬರುತ್ತೆ, ಇಲ್ದಿದ್ರೆ ಇಲ್ಲ!"

ಅಬ್ಬಾ, ನನ್ನ ಜಂಬ ಏನು ಕೇಳುತ್ತೀರಿ! ಡಿಪಾರ್ಟ್‌ಮೆಂಟ್ ತುಂಬ ಸುದ್ದಿಯಾಯಿತು. ಫಿಸಿಕ್ಸ್‌ನವರು ಫರ್ನೇಸ್ ಶುರು ಮಾಡಲು ನನ್ನನ್ನು ಕರೆದರು. ಮೆಕ್ಯಾನಿಕಲ್‌ನವರು ಒಂದು ಪಂಪಿನ ಸ್ವಿಚ್ಚನ್ನು ನನ್ನ ಕೈಯಲ್ಲೇ ಹಾಕಿಸಿದರು. ಅದು ಹೊಗೆ ಬಿಟ್ಟು ನಿಂತಿತು, ಆ ವಿಷಯ ಮಾತ್ರ ಯಾರೂ ಆಡಲಿಲ್ಲ. ಕಾವ್ಯ ದಿನಾ ಬೆಳಗ್ಗೆ ನನ್ನ ಕೈಯಿಂದಲೇ ಯಂತ್ರ ಮುಟ್ಟಿಸುತ್ತಿದ್ದಳು. ಒಂದು ಶುಕ್ರವಾರ ಕರ್ಪೂರ ಹಚ್ಚಿ ಆರತಿ ಎತ್ತುತ್ತಿದ್ದಾಗ ಬಾಗಿಲಲ್ಲಿ ಸದಾಶಿವಯ್ಯ ಸರ್.

"ಏನಮ್ಮಾ ಇದು? ಇದೇನ್ ಲ್ಯಾಬೋ ಗುಡಿಯೋ? ಗ್ಯಾಸ್ ಸಿಲಿಂಡರ್ ಪಕ್ಕ ಕರ್ಪೂರ!"

ಅವರು ಹೇಳಿದ್ದು ಸರಿಯಾಗೇ ಇತ್ತು, ತಲೆ ತಗ್ಗಿಸಿದೆ. ಅಷ್ಟಕ್ಕೇ ಬಿಡಲಿಲ್ಲ ಅವರು. "ಇವತ್ತಿಂದ ಒಂದು ತಿಂಗ್ಳು ಈ ರೂಮಿಗೆ ಕಾವ್ಯ ಬಿಟ್ಟು ಯಾರೂ ಬರಕೂಡ್ದು. ಅದೇನ್ ಕೈಗುಣವೋ ನಾನೂ ನೋಡ್ತೀನಿ" ಅಂದು, ತಾವೇ ಸ್ಪಿರಿಟ್ ತಗೊಂಡು ಎಲ್ಲ ಯಂತ್ರದ ಕುಂಕುಮವನ್ನೂ ಒರೆಸಿದರು. ಸ್ಟಿರರಿನ ಬೊಟ್ಟೂ ಹೋಯಿತು.

ಆ ತಿಂಗಳು ಎಥಿಲೀನ್ ಕಣ್ಣಿಗೂ ಬೀಳಲಿಲ್ಲ. ಈಗ ಸರ್ ಮುಖ ಗಂಟಿಕ್ಕಿತು. ಕೈಗುಣ ನಂಬದ ಮನುಷ್ಯನಿಗೆ ಉಳಿದದ್ದು ಒಂದೇ ಅನುಮಾನ. ಕಾರಿಡಾರಿನಲ್ಲಿ ಎಲ್ಲರ ಎದುರಿಗೆ ಕೇಳಿಬಿಟ್ಟರು, "ಕಾವ್ಯ, ಆ ಹಳೇ ನಂಬರ್‌ಗಳ್ನ ಎಲ್ಲಿಂದ ತಂದೆ ನೀನು?"

ಅವಳು ತಲೆ ತಗ್ಗಿಸಿ ನಿಂತಳು. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಕುಣಿಗಲ್ ಬಸ್ಸುಗಳು ಒಂದಾದ ಮೇಲೊಂದು ಹೋದವು, ಅವಳು ಹತ್ತಲೇ ಇಲ್ಲ. "ಅಕ್ಕಾ, ಪಿಎಚ್‌ಡಿ ಹೋದ್ರೆ ಹೋಗ್ಲಿ ಬುಡಿ. ಸುಳ್ಳು ಬರೆದ್ಳು ಅಂತಾರಲ್ಲ... ಅಪ್ಪನ ಮುಂದೆ ಹೆಂಗ್ ನಿಲ್ಲಲಿ?" ಅಂದಳು. ಹೊರಗಿನ ಪರೀಕ್ಷಕರು ಬರುವ ದಿನ ಸೋಮವಾರ ಅಂತ ಗೊತ್ತಾಗಿತ್ತು. ಅವರ ಮುಂದೆ ಪ್ರಯೋಗ ಮಾಡಿ ತೋರಿಸಬೇಕು, ಇಲ್ಲದಿದ್ದರೆ ರಿಜಿಸ್ಟ್ರೇಷನ್ ರದ್ದು. ಕಾರಣ ನಾನೇ ಅನ್ನುವುದು ಆಗಲೂ ನನ್ನ ಮಂದ ಬುದ್ಧಿಗೆ ಹೊಳೆದಿರಲಿಲ್ಲ.

ಹೊಳೆದದ್ದು ಭಾನುವಾರ, ಹೆಬ್ಬೂರಿನ ಒಂದು ಮದುವೆಯ ಊಟದ ಪಂಕ್ತಿಯಲ್ಲಿ. ಛತ್ರ ಕಿಕ್ಕಿರಿದಿತ್ತು. ನನಗೆ ಸಿಕ್ಕಿದ್ದು ಗೋಡೆ ಪಕ್ಕದ ಕಟ್ಟಕಡೆಯ ಸಾಲು, ಎಲೆಗೆ ಎಲೆ ತಾಗುವಷ್ಟು ಇಕ್ಕಟ್ಟು. ಬಡಿಸುವವರು ಬಾಗಿಲ ಹತ್ತಿರದ ಸಾಲುಗಳಲ್ಲೇ ಬಕೆಟ್ ಖಾಲಿ ಮಾಡಿ ಹಿಂದಿರುಗುತ್ತಿದ್ದರು. ನಮ್ಮ ಎಲೆಗೆ ಉಪ್ಪು, ಕೋಸಂಬರಿ ಬಿಟ್ಟು ಇನ್ನೇನೂ ಬರಲಿಲ್ಲ. ಪಕ್ಕದ ಅಜ್ಜಿ ಮೂರನೇ ಲೋಟ ನೀರು ಕುಡಿದು, "ನೀರ್ ಕುಡ್ದೇ ಹೊಟ್ಟೆ ತುಂಬ್ಸ್ಕೋಬೇಕು ಕಣವ್ವ ಇಲ್ಲಿ" ಅಂದರು.

ನಾನು ನಗಲು ಹೋದವಳು ಹಾಗೇ ಕೂತುಬಿಟ್ಟೆ. ಕಾವ್ಯ ಎಷ್ಟು ಸಲ ಹೇಳಿದ್ದಳು, ಆ ಸೂಜಿಗಳ ಸಂದಿಯಲ್ಲಿ ಕೂತ ತಾಮ್ರಕ್ಕೆ ಗ್ಯಾಸ್ ಹೋಗಿ ಮುಟ್ಟಬೇಕು, ಮುಟ್ಟದಿದ್ದರೆ ಅದು ನೀರನ್ನೇ ಒಡೆಯುತ್ತದೆ, ಮುಟ್ಟಿದ ಗ್ಯಾಸ್ ಒಂದಿಷ್ಟು ಹೊತ್ತು ಅಲ್ಲೇ ನಿಲ್ಲದಿದ್ದರೆ ಅರ್ಧ ಬೆಂದದ್ದೇ ಹೊರಗೆ ಹೋಗುತ್ತದೆ ಅಂತ. ಅಷ್ಟರಲ್ಲಿ ಯಾರೋ ಹಿರಿಯರು ರೇಗಿ, ಬಡಿಸುವವನೊಬ್ಬ ನಮ್ಮ ಸಾಲಿಗೇ ಬಂದ. ಅನ್ನ ಬಂತು, ಸಾರು ಬಂತು, ಪಾಯಸ ಬಂತು. ಅಜ್ಜಿ ಪಾಯಸಕ್ಕೆ ಕೈ ಹಾಕುವಷ್ಟರಲ್ಲಿ ಎಲೆ ಎತ್ತುವವರು ದಡದಡ ಬಂದು ಎಲೆಯನ್ನೇ ಎತ್ತಿಕೊಂಡು ಹೋದರು! ಜಾಸ್ತಿನೂ ಬೇಡ, ಹದವಾಗಿ. ಅನ್ವರ್ ಭಾಯ್ ಕಿವಿಯಲ್ಲೇ ಹೇಳಿದ ಹಾಗಾಯಿತು. ಸುಳಿ. ಗುಂಡಿ. ಬೊಟ್ಟು. ನನ್ನ ಕೈ!

"ಅಯ್ಯಯ್ಯೋ" ಅಂತ ಕೂಗಿ ಎದ್ದುಬಿಟ್ಟೆ. ಪಂಕ್ತಿಯ ನಡುವೆ ಏಳಬಾರದು ಅನ್ನುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ನಾನು ಎಂಜಲು ಕೈಯಲ್ಲೇ ಮದುಮಗಳ ಅಜ್ಜನನ್ನು ದಾಟಿಕೊಂಡು ಓಡಿದೆ. "ಏನ್ ಬಂತವ್ವ ಇವ್ಳಿಗೆ!" ಅಂತ ಹಿಂದೆ ಯಾರೋ ಅಂದಿದ್ದು ಕೇಳಿಸಿತು. ತುಮಕೂರು ಬಸ್ಸು ಹತ್ತಿ ಕಾವ್ಯಳಿಗೆ ಫೋನ್ ಮಾಡಿ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ.

ಆ ಕಡೆಯಿಂದ ಅವಳು, "ಮೂರು ವರ್ಷ ಅಕ್ಕಾ. ಮೂರು ವರ್ಷ ನನ್ ಪ್ರಯೋಗ ಮುಟ್ಟಿದೀರ, ಒಂದ್ ಮಾತು ಹೇಳ್ಲಿಲ್ವಲ್ಲ" ಅಂದಳು. ಫೋನ್ ಕಟ್ಟಾಯಿತು.

ಬಸ್ಸಿನಲ್ಲಿ ಕೂತು ಅತ್ತುಬಿಟ್ಟೆ. ಸುಳ್ಳು ಹೇಳುವುದಿಲ್ಲ, ಅವಳಿಗಾಗಿ ಅರ್ಧ, ನನಗಾಗಿ ಅರ್ಧ. ರಿಟೈರ್ ಆಗಲು ನಾಲ್ಕು ತಿಂಗಳಿತ್ತು. ಸಂಶೋಧನೆ ಕೆಡಿಸಿದವಳು ಅಂತ ಮೆಮೊ ಕೊಟ್ಟರೆ ಯಾವ ಮುಖ ಹೊತ್ತು ಬೀಳ್ಕೊಡುಗೆ ಹಾರ ಹಾಕಿಸಿಕೊಳ್ಳಲಿ? ನಾನು ಬಾಯಿ ಮುಚ್ಚಿಕೊಂಡಿದ್ದರೆ, ಕಾವ್ಯ ಹೇಳಿದರೂ ಯಾರೂ ನಂಬುವುದಿಲ್ಲ ಅನ್ನುವ ಯೋಚನೆಯೂ ಬಂದು ಹೋಯಿತು. ಆದರೆ ಸರ್ ಕೇಳಿದ ಪ್ರಶ್ನೆಗೆ ಆ ಹುಡುಗಿ ತಲೆ ತಗ್ಗಿಸಿ ನಿಂತಿದ್ದು ಕಣ್ಣ ಮುಂದಿನಿಂದ ಹೋಗಲಿಲ್ಲ.

ಸೋಮವಾರ ಪರೀಕ್ಷಕಿ ಬಂದರು, ಬೆಳ್ಳಿ ಕೂದಲಿನ ಸಣ್ಣ ಆಕಾರದ ಹೆಂಗಸು. ನಾನು ಬಾಗಿಲ ಹೊರಗೆ ನಿಂತಿದ್ದೆ. ಅವರು ಕಾವ್ಯಳ ರೆಕಾರ್ಡ್ ತಿರುವುತ್ತಾ ಒಂದು ಕಡೆ ಬೆರಳಿಟ್ಟರು.

"ಸ್ಟಿರಿಂಗ್ ಎಂದಿನಂತೆ ಅಂತ ಬರೆದಿದೀರಲ್ಲಮ್ಮ, ಯಾರ ಎಂದಿನಂತೆ?"

ಕಾವ್ಯ ಬಾಯಿ ತೆರೆಯುವ ಮೊದಲೇ ನಾನು ಒಳಗೆ ನುಗ್ಗಿದೆ. "ನಂದು ಮೇಡಂ! ನಂದು! ಅವ್ಳು ಸಣ್ಣಗಿಡೋಳು, ನಾನು ಬೊಟ್ಟಿಗೆ ತಿರುಗ್ಸೋಳು. ಅವ್ಳಿಗೆ ಗೊತ್ತಿರ್ಲಿಲ್ಲ. ಆ ನಂಬರ್ ಎಲ್ಲ ನಿಜ, ಒಂದೂ ಸುಳ್ಳಲ್ಲ!"

ಸದಾಶಿವಯ್ಯ ಸರ್ ಕುರ್ಚಿಯಿಂದ ಎದ್ದರು. "ರತ್ನಮ್ಮ, ಹೊರಗ್ ಹೋಗಿ."

"ಇರಿ ಸರ್" ಅಂದರು ಪರೀಕ್ಷಕಿ. "ಹೇಳಿಯಮ್ಮ, ಯಾಕೆ ತಿರುಗಿಸ್ತಿದ್ರಿ?"

ನಾನು ಪ್ಲೇಟಿಂಗ್ ತೊಟ್ಟಿಯಿಂದ ಶುರು ಮಾಡಿ ಹೆಬ್ಬೂರಿನ ಪಂಕ್ತಿಯವರೆಗೆ ಎಲ್ಲ ಹೇಳಿದೆ. ಗೋಡೆ ಪಕ್ಕದ ಸಾಲಿಗೆ ಊಟ ಬರದಿದ್ದರೆ ಜನ ನೀರು ಕುಡಿಯುತ್ತಾರೆ, ಅದು ಹೈಡ್ರೋಜನ್ನು. ಎಲೆ ಎತ್ತುವವರು ಅವಸರ ಮಾಡಿದರೆ ಊಟ ಅರ್ಧಕ್ಕೇ ನಿಲ್ಲುತ್ತದೆ, ಎಥಿಲೀನ್ ಆಗಬೇಕಾದದ್ದು ಅರೆಬೆಂದು ಹೊರಗೆ ಹೋಗುತ್ತದೆ. ಅವರು ಎಲ್ಲಿಯೂ ತಡೆಯಲಿಲ್ಲ. ಪಾಯಸದ ಹತ್ತಿರ ಬಂದಾಗ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಗುತ್ತಿದ್ದರು.

"ಸರಿ, ಮೂರು ಸಲ ಮಾಡಿ ನೋಡೋಣ. ಸಣ್ಣಗೆ ಒಂದು, ನಿಮ್ಮ ಜಾಗಕ್ಕೊಂದು, ಪೂರ್ತಿ ಜೋರಾಗಿ ಒಂದು."

ಸಣ್ಣಗಿಟ್ಟದ್ದು ಮೊದಲು. ಎಲ್ಲರಿಗೂ ಗೊತ್ತಿದ್ದ ಹಾಗೆ ಹೈಡ್ರೋಜನ್. ಎರಡನೆಯದಕ್ಕೆ ನಾನು ಸ್ಟಿರರ್ ಹತ್ತಿರ ಹೋದೆ. ಬೊಟ್ಟಿಲ್ಲ! ಸ್ಪಿರಿಟ್ಟಿನಲ್ಲಿ ಒರೆಸಿದ ಬೋಳು ಪೆಟ್ಟಿಗೆ. ಕಾವ್ಯ ನನ್ನ ಪಕ್ಕ ಬಂದು ನಿಂತಳು, ಭಾನುವಾರದಿಂದ ನನ್ನ ಹತ್ತಿರ ಮಾತಾಡಿರಲಿಲ್ಲ. ಮೆಲ್ಲಗೆ, "ಗುಂಡಿ ನೋಡ್ಬೇಡಿ ಅಕ್ಕಾ. ಸುಳಿ ನೋಡಿ" ಅಂದಳು.

ಪೆಟ್ಟಿಗೆ ಬಿಟ್ಟು ನೀರನ್ನೇ ನೋಡಿದೆ. ಗುಂಡಿ ತಿರುಗಿಸುತ್ತಾ ಹೋದೆ. ಮಧ್ಯದಲ್ಲಿ ಸಣ್ಣ ಗುಳಿ ಬಿತ್ತು, ಇನ್ನೂ ಗಾಳಿ ಎಳೆದಿರಲಿಲ್ಲ. ಅಲ್ಲಿಗೆ ಕೈ ತೆಗೆದೆ. ಪರೀಕ್ಷಕಿ ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೋ ಹಿಡಿದು, ಬಿಳಿ ಕಡ್ಡಿ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅಂತ ಎಣಿಸಿ ಬರೆದುಕೊಂಡರು. ಅಷ್ಟು ಸುಲಭದ ಕೆಲಸ ನಮಗೆ ಯಾರಿಗೂ ಮೂರು ವರ್ಷ ಹೊಳೆದಿರಲಿಲ್ಲ!

ಗ್ಯಾಸ್ ಅಳೆಯುವ ಯಂತ್ರ ನಿಧಾನ, ಒಂದೊಂದು ಅನಿಲಕ್ಕೂ ಗೆರೆಯಲ್ಲಿ ಒಂದೊಂದು ಗುಡ್ಡ ಏಳಬೇಕು. ಇಪ್ಪತ್ತು ನಿಮಿಷ ನಾಲ್ಕು ಜನ ಒಂದು ಪರದೆಯನ್ನು ದಿಟ್ಟಿಸಿದೆವು. ಹೈಡ್ರೋಜನ್ನಿನ ಗುಡ್ಡ ಬಂತು, ಚಿಕ್ಕದು. ಆಮೇಲೆ ಗೆರೆ ಸಪಾಟಾಗಿ ಹೋಯಿತು, ಹೋಗುತ್ತಲೇ ಇತ್ತು. ಆಮೇಲೆ ಎಥಿಲೀನ್ ಎದ್ದಿತು ನೋಡಿ, ಮೇಲೆ, ಮೇಲೆ, ಇನ್ನೂ ಮೇಲೆ! ಕಾವ್ಯ ಕಿರುಚಿದಳು, ನಾನು ಕಿರುಚಿದೆ, ಹೊರಗಿನಿಂದ ಯಾರೋ ಬೆಂಕಿ ಬಿತ್ತು ಅಂದುಕೊಂಡು ಮರಳಿನ ಬಕೆಟ್ ಹಿಡಿದು ಬಂದರು. ಮೂರನೆಯದು, ಪೂರ್ತಿ ಜೋರು. ಎಥಿಲೀನ್ ಕುಸಿಯಿತು, ಅರೆಬೆಂದ ಕಾರ್ಬನ್ ಮಾನಾಕ್ಸೈಡೇ ಹೊರಗೆ ಹರಿಯಿತು. ಎಲೆ ಎತ್ತುವವರೂ ಹಾಜರಿ ಕೊಟ್ಟಂತಾಯಿತು.

"ಇದೇ ಥೀಸಿಸ್ಸು" ಅಂದರು ಪರೀಕ್ಷಕಿ. "ಸೂಜಿ ಎಲ್ಲರೂ ಬೆಳೆಸ್ತಾರೆ. ಸೂಜಿ ಹತ್ರ ಏನ್ ಹೋಗುತ್ತೆ, ಏನ್ ಬರುತ್ತೆ ಅನ್ನೋದನ್ನ ಬರೀರಿ."

ಸದಾಶಿವಯ್ಯ ಸರ್ ಕಾವ್ಯಳ ಎದುರಿಗೆ ಬಂದು ನಿಂತರು. "ಆವತ್ತು ಕಾರಿಡಾರಲ್ಲಿ ಕೇಳಿದ್ದು ತಪ್ಪಾಯ್ತಮ್ಮ. ನಾಳೆ ಅದೇ ಕಾರಿಡಾರಲ್ಲಿ, ಅಷ್ಟೂ ಜನರ ಮುಂದೆ ಹೇಳ್ತೀನಿ" ಅಂದರು. ಮರುದಿನ ಹಾಗೇ ಹೇಳಿದರು ಕೂಡ. ಅವರ ಮೇಲೆ ನನಗಿದ್ದ ಸಿಟ್ಟೆಲ್ಲ ಅಲ್ಲಿಗೆ ಇಳಿಯಿತು.

ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ ನಾನು ಹೇಳಬೇಕೆಂದಿದ್ದು, ಆ ಗುಬ್ಬಿ ಹುಡುಗಿಗೆ ಹೇಳಲು ಮರೆತದ್ದು, ಇಷ್ಟೇ. ನಿಮ್ಮ ಕೈ ಯಾವುದನ್ನು ಮುಟ್ಟಿತೋ ಅದನ್ನು ಬರೆಯಿರಿ, ಬರೆಯುವುದು ನಿಮ್ಮ ಕೆಲಸವಲ್ಲ ಅಂತ ಯಾರಾದರೂ ಅಂದರೂ ಬರೆಯಿರಿ. ನಮ್ಮ ಲ್ಯಾಬಿನಲ್ಲಿ ಅಸಿಸ್ಟೆಂಟುಗಳ ಹೆಸರು ಯಾವ ರೆಕಾರ್ಡಿಗೂ ಹತ್ತುತ್ತಿರಲಿಲ್ಲ. ನನಗೂ ಅದು ಬೇಕು ಅಂತ ಯಾವತ್ತೂ ಅನ್ನಿಸಿರಲಿಲ್ಲ.

ಆ ಸೋಮವಾರ ಸಂಜೆ ಕಾವ್ಯ ಹೊಸ ಪುಟ ತೆರೆದಳು. ಸ್ಟಿರಿಂಗ್ ಅನ್ನುವ ಕಡೆ 'ಎಂದಿನಂತೆ' ಬರೆಯದೆ, ಎಣಿಸಿದ ಸುತ್ತುಗಳನ್ನು ಬರೆದಳು. 'ಪ್ರಯೋಗ ನಡೆಸಿದವರು' ಅನ್ನುವ ಕಡೆ ತನ್ನ ಸಹಿ ಹಾಕಿ, ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿ ಪೆನ್ನು ಕೊಟ್ಟಳು.

ಇಷ್ಟು ವರ್ಷದಲ್ಲಿ ನಾನು ಸಹಿ ಹಾಕಿದ್ದು ಹಾಜರಿ ಪುಸ್ತಕದ ಬೆರಳಗಲದ ಚೌಕದಲ್ಲಿ ಮಾತ್ರ. ಇಲ್ಲಿ ಜಾಗವೋ ಜಾಗ! ಖುಷಿಗೆ ಕೈ ನಿಲ್ಲಲಿಲ್ಲ. ರತ್ನಮ್ಮ ಅಂತ ಬರೆದೆ, ಅದರ ಪಕ್ಕ ಗುಬ್ಬಿ ಅಂತ ಬರೆದೆ, ಮೂರು ಸಾಲು ತಿಂದಿತು. ಹಿಂದಿನಿಂದ ಸದಾಶಿವಯ್ಯ ಸರ್ ಬಗ್ಗಿ ನೋಡಿದರು.

"ಒಸಿ ಜಾಗ ಬಿಡಿಯಮ್ಮ" ಅಂದರು, "ಕೆಳಗೆ ನಾನೂ ಸೈನ್ ಮಾಡ್ಬೇಕು."